ಮರಾಠಿ ಬರುತ್ತದೆ ಎಂದವರು

ನಾನು ನಿಂತಿದ್ದು ನನ್ನ ಅಂಗಡಿಯ ಕಟ್ಟೆಯ ಮೇಲೆ, ಮೊಂಢಾದ ದೊಡ್ಡ ಬಾಗಿಲಿಗೆ ಎದುರಾಗಿ. ನಮ್ಮ ಕಡೆ ಧಾನ್ಯದ ಪೇಟೆಗೆ ಮೊಂಢಾ ಅನ್ನುತ್ತಾರೆ. ನನ್ನದು ಬಾರದಾನದ ಅಂಗಡಿ, ಅಂದರೆ ಖಾಲಿ ಗೋಣಿಚೀಲ ಮಾರುವುದು. ಎಳ್ಳ ಅಮಾವಾಸ್ಯೆ ಮುಗಿದಿತ್ತು, ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ವಾರ ಗುರುವಾರ, ಹೊತ್ತು ಊಟಕ್ಕೆ ಸ್ವಲ್ಪ ಮುಂಚೆ. ಬಾಗಿಲಿಗೂ ನನಗೂ ನಡುವೆ ಇದ್ದದ್ದು ರಸ್ತೆ ಮಾತ್ರ. ಆ ದಿನ ಬಂದ್ ಇದ್ದುದರಿಂದ ರಸ್ತೆಯಲ್ಲಿ ಗಾಡಿಗಳು ಓಡಾಡುತ್ತಿರಲಿಲ್ಲ, ನೋಟಕ್ಕೆ ಏನೂ ಅಡ್ಡ ಬರಲಿಲ್ಲ.

ನಾನು ಹೇಳಹೊರಟಿರುವ ಹಿರಿಯರು ನಿಂತಿದ್ದು ಬಾಗಿಲಿನ ಒಳಗೆ, ಎಡಗಡೆ, ಒಂದರ ಮೇಲೊಂದು ಒಟ್ಟಿದ ತೊಗರಿ ಚೀಲಗಳ ಥಪ್ಪಿಯ ಮೇಲೆ. ಕೆಳಗೆ ನಿಲಂಗಾ ಕಡೆಯಿಂದ ಮಾಲು ತಂದು ಸಿಕ್ಕಿಕೊಂಡಿದ್ದ ರೈತರು, ಹಮಾಲರು, ಸಣ್ಣ ವ್ಯಾಪಾರಿಗಳು ಸೇರಿದ್ದರು. ಮೊಂಢಾವನ್ನು ಊರಾಚೆ ಒಯ್ಯುತ್ತಾರೆಂಬ ಸುದ್ದಿಗೆ ಬಂದ್ ಕರೆದವರು ಹಮಾಲರು. ಮಾಲು ಇಳಿಸುವ ಹಾಗಿಲ್ಲ, ತಿರುಗಿ ಒಯ್ದರೆ ಬಾಡಿಗೆ ಮೈಮೇಲೆ ಎಂದು ಸಿಟ್ಟಿಗೆದ್ದವರು ರೈತರು. ಇಬ್ಬರೂ ಸೇರಿ, ಹಿರಿಯರು ನೀವೇ ಏನಾದರೂ ಹೇಳಿ ಎಂದು ಅವರನ್ನು ಥಪ್ಪಿ ಹತ್ತಿಸಿದ್ದರು. ಅವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮರಾಠಿಯಲ್ಲಿ ಹೇಳಿದರು: “ಆಜ್ ಸೌದಾ ನಾಹೀ. ಘರೀ ಚಲಾ.” ಇವತ್ತು ಸೌದಾ ಇಲ್ಲ, ಮನೆಗೆ ನಡೆಯಿರಿ. ಹೇಳಿ, ಹೆಗಲ ಮೇಲಿನ ಶಲ್ಯ ತೆಗೆದು ತಲೆಯ ಮೇಲೆ ಒಮ್ಮೆ ಗಿರ್ರನೆ ತಿರುವಿದರು. ಜನ ನಕ್ಕರು. ನಗುತ್ತಲೇ ಚದುರತೊಡಗಿದರು.

ಜನ ಯಾಕೆ ನಕ್ಕರು ಎಂಬುದನ್ನು ಹೇಳಬೇಕು. ಅದು ಗೊತ್ತಾಗದೆ ಹೋದದ್ದರಿಂದಲೇ ಮುಂದಿನದೆಲ್ಲ ಆಯಿತು.

ಅವರು ಅಡತಿ ವ್ಯಾಪಾರಿ. ರೈತನ ಮಾಲು ತನ್ನ ಅಂಗಡಿಯ ಮುಂದೆ ಸುರಿಸಿ, ಖರೀದಿದಾರರನ್ನು ಕೂಡಿಸಿ, ಹರಾಜು ಕೂಗಿ ಮಾರಿಸಿಕೊಡುವುದು ಅಡತಿಯ ಕೆಲಸ. ಆ ಹರಾಜಿಗೆ ಸೌದಾ ಅನ್ನುತ್ತೇವೆ. ದಿನದ ಕೊನೆಯ ರಾಶಿಯ ಸೌದಾ ಮುಗಿದ ಕೂಡಲೇ ಅವರು ಶಲ್ಯ ತೆಗೆದು ತಲೆಯ ಮೇಲೆ ಒಮ್ಮೆ ತಿರುವುತ್ತಿದ್ದರು. ಅವರ ತಂದೆಯೂ ಹಾಗೇ ಮಾಡುತ್ತಿದ್ದರಂತೆ. ಅದನ್ನು ಕಂಡರೆ ಹಮಾಲರು ಚೀಲ ಹೊಲಿಯುವ ಸೂಜಿ ಕೆಳಗಿಡುತ್ತಿದ್ದರು, ಚಹಾದ ರಶೀದಭಾಯಿ ಸ್ಟೋವ್ ಆರಿಸುತ್ತಿದ್ದರು, ನಾನು ಅಂಗಡಿಯ ಶಟರ್ ಅರ್ಧಕ್ಕೆ ಎಳೆಯುತ್ತಿದ್ದೆ. ಇವತ್ತಿನದು ಮುಗಿಯಿತು, ಮನೆಗೆ ಹೋಗಿ ಎಂದು ಅದರ ಅರ್ಥ. ಬೇರೆ ಅರ್ಥ ನಮ್ಮ ಮೊಂಢಾದಲ್ಲಿ ಇರಲಿಲ್ಲ. ಸೌದಾ ಶುರುವೇ ಆಗದ ದಿನ ಅವರು ಅದನ್ನು ತಿರುವಿದ್ದಕ್ಕೆ ಜನಕ್ಕೆ ನಗು ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರು ಬೇಡ ಎಂದಿದ್ದಾರೆ. ಊರಿನ ಹೆಸರನ್ನೂ ಬಿಟ್ಟಿದ್ದೇನೆ; ಗಡಿಗೆ ಹತ್ತಿದ ಮರಾಠಿ ನಾಡಿನಲ್ಲಿ, ಉದಗೀರಕ್ಕೂ ಔರಾದ ಶಹಾಜನಿಗೂ ನಡುವೆ ಇರುವ ಸಣ್ಣ ಪೇಟೆ ಎಂದರೆ ಸಾಕು. ನಮ್ಮ ಭಾಗದಲ್ಲಿ ಲಿಂಗವಂತ ವ್ಯಾಪಾರಿಗಳಿಗೆ ಎಲ್ಲರೂ ಅಪ್ಪಾ ಅನ್ನುತ್ತಾರೆ. ಹಮಾಲರಿಗೂ ಅವರು ಅಪ್ಪಾ, ರಶೀದಭಾಯಿಗೂ ಅಪ್ಪಾ, ನನಗೂ ಅಪ್ಪಾ. ಇಲ್ಲಿಯೂ ಹಾಗೇ ಇರಲಿ.

ಆಳು ಎತ್ತರ, ಸ್ವಲ್ಪ ಬಾಗಿದ ಬೆನ್ನು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಪೂಜೆ ಆಗದೆ ಚಹಾ ಕೂಡ ಕುಡಿಯುತ್ತಿರಲಿಲ್ಲ. ಆದರೆ ಪೂಜೆ ಮಾಡುತ್ತಲೇ ಅಂಗಳದಲ್ಲಿ ಯಾರು ಬಂದರು, ಏನು ಕೇಳಿದರು ಎಂಬುದಕ್ಕೆ ಒಳಗಿನಿಂದಲೇ ಜವಾಬು ಕೊಡುತ್ತಿದ್ದರು. “ಅಪ್ಪಾ, ದೇವರ ಮುಂದ ಕುಂತೀರೋ ಅಂಗಡಿ ಗಲ್ಲೆದ ಮ್ಯಾಲ ಕುಂತೀರೋ?” ಎಂದು ನಾನೊಮ್ಮೆ ಕೇಳಿದೆ. “ಎರಡೂ ಕಡೆ ಗಿರಾಕಿ ನಾನೇ ಇದ್ದೀನಿ, ಅವಸರ ಏನದ?” ಎಂದರು.

ರಾಶಿಯಿಂದ ಹಿಡಿ ತೊಗರಿ ಎತ್ತಿ, ಒಂದು ಕಾಳು ಹಲ್ಲಿಗೆ ಹಾಕಿ ಕಡಿದು, ಉಳಿದದ್ದನ್ನು ಅದೇ ರಾಶಿಯ ಮೇಲೆ ಬಿಡುತ್ತಿದ್ದರು. ಖರೀದಿದಾರರು ನಮೂನೆ ಎಂದು ಕಾಳು ಜೇಬಿಗೆ ಹಾಕಿಕೊಳ್ಳುವುದುಂಟು. ಅದು ಕಣ್ಣಿಗೆ ಬಿದ್ದರೆ, “ಜೇಬಿನಾಗ ಬಿತ್ತಿದ್ರ ಬೆಳಿ ಬರ್ತದೇನ್ರಿ ಸೇಠ್?” ಎಂದು ಎಲ್ಲರೆದುರಿಗೆ ಕೇಳಿಬಿಡುತ್ತಿದ್ದರು. ನನ್ನನ್ನೂ ಬಿಡುತ್ತಿರಲಿಲ್ಲ. ಬಾರದಾನದ ವ್ಯಾಪಾರಿಯಾದ ನನ್ನನ್ನು ಹೊಸಬರಿಗೆ ಪರಿಚಯಿಸುವಾಗ, “ಇಂವಾ ನಮ್ಮ ಪೇಟ್ಯಾಗ ಬಲು ಹುಷಾರ. ಏನೂ ಇಲ್ಲದ್ದನ್ನ ಮಾರ್ತಾನ” ಎನ್ನುತ್ತಿದ್ದರು.

ಅವರ ಮನೆಯೊಳಗಿನ ಮಾತಿನ ರೀತಿ ಹೊರಗಿನವರಿಗೆ ವಿಚಿತ್ರ, ನಮಗೆ ಸಹಜ. ಅವರ ತಾಯಿ ಕನ್ನಡದವರು, ಹೆಂಡತಿ ಕಮಲಾಬಾಯಿ ನಿಲಂಗಾ ಆಚೆಯ ಹಳ್ಳಿಯ ಮರಾಠಿ ಮಾತಿನವರು. ಅತ್ತೆ ಕನ್ನಡದಲ್ಲಿ ಹೇಳುತ್ತಿದ್ದರು, ಸೊಸೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು, ಇಬ್ಬರೂ ತಮ್ಮದನ್ನು ಬಿಡಲಿಲ್ಲ. ಅಪ್ಪಾ ತಾಯಿಯ ಕಡೆ ತಿರುಗಿದರೆ ಕನ್ನಡ, ಹೆಂಡತಿಯ ಕಡೆ ತಿರುಗಿದರೆ ಮರಾಠಿ. ಕಮಲಾಬಾಯಿಯ ಬಾಯಲ್ಲಿದ್ದ ಕನ್ನಡವೆಂದರೆ ಬಾ, ಕೂಡು, ಉಣ್ಣು. ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿದ ಮಾತುಗಳು. ಅವನ್ನು ಅವರು ಬೆಕ್ಕಿಗೂ ಮೊಮ್ಮಕ್ಕಳಿಗೂ ಬಳಸುತ್ತಿದ್ದರು. “ನಮ್ಮ ಮನಿ ಬೆಕ್ಕಿಗಿ ಈಕಿಗಿಂತ ಜಾಸ್ತಿ ಕನ್ನಡ ತಿಳೀತದ” ಎಂದು ಅಪ್ಪಾ ಚೇಷ್ಟೆ ಮಾಡಿದರೆ, ಅವರು ಮರಾಠಿಯಲ್ಲಿ ಬಯ್ಯುತ್ತ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಎಳ್ಳ ಅಮಾವಾಸ್ಯೆಗೆ ಇಡೀ ಮೊಂಢಾದ ಹಮಾಲರು ಅವರ ಹೊಲದಲ್ಲಿರುತ್ತಿದ್ದರು. ಕಡಬು, ಕಾಳು ಸೊಪ್ಪಿನ ಭಜ್ಜಿ, ಮಡಕೆಯ ಅಂಬಲಿ. ಜೋಳದ ಬೆಳೆಯ ನಡುವೆ ಎಲ್ಲರ ಜೊತೆ ನೆಲದ ಮೇಲೆ ಕುಳಿತು ಅವರು ಮಾತಿನ ಮೇಲೆ ಮಾತು ತೆಗೆಯುತ್ತಿದ್ದರೆ ಹೊತ್ತು ಇಳಿದದ್ದು ತಿಳಿಯುತ್ತಿರಲಿಲ್ಲ. ಈ ಸಲ ಆ ದಿನ ನಾನು ಬೇರೆಯವರ ಹೊಲಕ್ಕೆ ಹೋದೆ. ಊಟ ಚೆನ್ನಾಗಿಯೇ ಇತ್ತು. ಬೇಗ ಎದ್ದು ಬಂದೆ.

ಬಂದ್ ದಿನಕ್ಕೆ ತಿರುಗಿ ಬರುತ್ತೇನೆ. ಜನ ಚದುರಿ, ಅಪ್ಪಾ ಥಪ್ಪಿಯಿಂದ ಇಳಿದು ಅಂಗಡಿಯೊಳಗೆ ಊಟಕ್ಕೆ ಕುಳಿತ ಮೇಲೆ, ದೂರದಲ್ಲಿ ಹೆದ್ದಾರಿಯ ಕಡೆಯಿಂದ ಯಾರೋ ಕಲ್ಲು ಎಸೆದರು. ಒಂದು ಲಾರಿಯ ಗಾಜು ಒಡೆಯಿತು, ಚಾಲಕನ ಹಣೆಗೆ ಪೆಟ್ಟಾಯಿತು. ಎಸೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅದನ್ನು ನಾನು ನೋಡಿಲ್ಲ, ಸದ್ದು ಮಾತ್ರ ಕೇಳಿದೆ. ನೋಡದ್ದನ್ನು ಹೇಳುವುದಿಲ್ಲ.

ಸಂಜೆಯ ಹೊತ್ತಿಗೆ ಒಂದು ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಥಪ್ಪಿಯ ಮೇಲೆ ನಿಂತ ಮುದುಕ, ಕೆಳಗೆ ಗದ್ದಲ, ತಲೆಯ ಮೇಲೆ ತಿರುಗುವ ಬಿಳಿ ಬಟ್ಟೆ. ಅಷ್ಟೇ ಇತ್ತು. ಮಾತು ಗದ್ದಲದಲ್ಲಿ ಮುಳುಗಿತ್ತು. ನಾವು ನೋಡಿ ನಕ್ಕೆವು. ಅಪ್ಪಾ ಬಂದ್ ದಿನವೂ ಸೌದಾ ಮುಗಿಸಿದರು ಎಂದು ಒಬ್ಬರಿಗೊಬ್ಬರು ಕಳಿಸಿದೆವು. ಮೊಂಢಾ ಗೊತ್ತಿಲ್ಲದವರಿಗೆ ಅದು ಜನರನ್ನು ಎಬ್ಬಿಸುವ ಹಾಗೆ ಕಾಣುತ್ತದೆ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕೆಲವು ದಿನಗಳ ನಂತರ ಬೆಳಿಗ್ಗೆ ಅವರ ಮನೆಗೆ ಪೊಲೀಸರು ಬಂದರು. ಅಪ್ಪಾ ಪೂಜೆಯಲ್ಲಿದ್ದರು. ಬಂದವರಲ್ಲಿ ನಮ್ಮ ಠಾಣೆಯ ಹವಾಲ್ದಾರರೂ ಇದ್ದರು. ಬಂದ್ ದಿನ ಮೊಂಢಾದ ಬಾಗಿಲಲ್ಲಿ, ರಶೀದಭಾಯಿಯ ಚಹಾ ಹಿಡಿದು ನಿಂತಿದ್ದವರು ಅವರೇ. “ಪೂಜಿ ಮುಗೀಲಿ” ಎಂದು ಜೊತೆಯವರಿಗೆ ಹೇಳಿ ಅಂಗಳದಲ್ಲಿ ಕಾದರು. ಅಪ್ಪಾ ಆವತ್ತು ಒಳಗಿನಿಂದ ಯಾರಿಗೂ ಜವಾಬು ಕೊಡಲಿಲ್ಲ. ಪೂಜೆ ಮುಗಿಸಿ ಹೊರಬಂದು ಕೇಳಿದ್ದು ಒಂದೇ ಮಾತು: “ಕೇಸ್ ಏನದ?”

ಕೇಸ್ ಇರಲಿಲ್ಲ. ಅದರ ಅರ್ಥ ತಿಳಿದುಕೊಳ್ಳಲು ನಮಗೆ ಬಹಳ ದಿನ ಹಿಡಿಯಿತು. ಕೇಸ್ ಇಲ್ಲವಾದರೆ ಸಂಜೆಗೆ ಬಿಡುತ್ತಾರೆ ಎಂದುಕೊಂಡು ಕಮಲಾಬಾಯಿ ಅಡುಗೆ ಮಾಡಿ ಇಟ್ಟಿದ್ದರು. ಆದರೆ ಅವರನ್ನು ಹಿಡಿದದ್ದು ಮಾಡಿದ್ದಕ್ಕಲ್ಲ, ಆ ವಿಡಿಯೊ ನೋಡಿ, ಮುಂದೆ ಗಲಭೆ ಮಾಡಿಸಬಹುದು ಎಂಬುದಕ್ಕೆ. ಅಂಥ ಕಾಯಿದೆ ಇದೆ. ದೊಡ್ಡ ಅಧಿಕಾರಿಯ ಸಹಿ ಬಿದ್ದರೆ ಆರೋಪಪಟ್ಟಿ ಬೇಡ, ಸಾಕ್ಷಿ ಬೇಡ, ವಿಚಾರಣೆ ಬೇಡ. ಒಂದು ವರ್ಷದವರೆಗೆ ಒಳಗಿಡಬಹುದು. ಜಾಮೀನು ಕೇಳೋಣವೆಂದರೆ, ಖಟ್ಲೆಯೇ ಇಲ್ಲದಲ್ಲಿ ಜಾಮೀನು ಎಲ್ಲಿಂದ ಬರಬೇಕು?

ಜೈಲಿನ ಕಚೇರಿಯಲ್ಲಿ ಬೆಳ್ಳಿಯ ಕರಡಿಗೆಯನ್ನು ಒಳಗೆ ಬಿಡಲಿಲ್ಲ. ಅವರು ಲಿಂಗವನ್ನು ತೆಗೆದು ಬಿಳಿ ಅರಿವೆಯ ತುಂಡಿನಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಕರಡಿಗೆಯನ್ನು ಹಿಂದೆಯೇ ಹೋಗಿದ್ದ ನನ್ನ ಕೈಗೆ ಕೊಟ್ಟರು. “ಮಾಡಿದ್ದಕ್ಕ ಹಿಡದ್ರ ನಾ ಮಾಡಿಲ್ಲ ಅನ್ನಬಹುದು. ಮುಂದ ಮಾಡ್ತೀ ಅಂತ ಹಿಡದ್ರ ಏನನ್ನಬೇಕೋ?” ಎಂದರು. ನಗುತ್ತಲೇ ಕೇಳಿದರು. ನಾನು ಕರಡಿಗೆಯನ್ನು ಒಳಜೇಬಿಗೆ ಹಾಕಿಕೊಂಡೆ.

ವಕೀಲರು ಉಮರಗಾದವರು, ಇನ್ನೂ ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಕಾಗದಗಳನ್ನೆಲ್ಲ ಓದಿ ಮುಗಿಸಿದ ದಿನ ಅವರ ಮುಖ ಅರಳಿತ್ತು. ಜೈಲಿಗೆ ಬಂದು ಅಪ್ಪಾನ ಮುಂದೆ ಹೇಳಿದರು: “ಅಪ್ಪಾ, ಕಾಯಿದ್ಯಾಗ ಒಂದ ಮಾತದ. ಯಾಕ ಹಿಡದೀವಿ ಅನ್ನೋ ಕಾರಣ, ಹಿಡಿದ ಮನಶಾಗ ತಿಳಿಯೋ ಭಾಷಾದಾಗ ಬರದು ಕೊಡಬೇಕು. ನಿಮಗ ಕೊಟ್ಟಿದ್ದು ಬರೇ ಮರಾಠ್ಯಾಗ. ನಿಮ್ಮ ಮನಿಮಾತು ಕನ್ನಡ, ನೀವು ಸಾಲಿ ಕಲತಿದ್ದೂ ಗಡಿ ಆಚೆ ಕನ್ನಡದಾಗ. ನನಗ ಮರಾಠಿ ತಿಳಿಯಲ್ಲ ಅಂತ ಅಫಿಡವಿಟ್ ಮಾಡ್ರಿ. ಹೈಕೋರ್ಟಿನಾಗ ಈ ಆರ್ಡರ್ ನಿಲ್ಲಂಗಿಲ್ಲ. ಒಂದ, ದೀಡ ತಿಂಗಳದಾಗ ಮನ್ಯಾಗ ಇರ್ತೀರಿ.”

“ಬರೋದಿಲ್ಲ ಅನ್ನಬೇಕೇನು?” ಎಂದರು ಅಪ್ಪಾ.

“ಅಷ್ಟೇ ಅನ್ನಬೇಕು. ಮತ್ತ ಇಲ್ಲಿ ಯಾರ ಜೋಡಿನೂ ಮರಾಠಿ ಮಾತಾಡಬ್ಯಾಡ್ರಿ. ಮನ್ಯಾಗಿನವರು ಬಂದಾಗ ಸುದ್ದಾ. ಸಿಪಾಯಿಗೋಳು ಕೇಳಸ್ಕೋತಾರ.”

ಅಪ್ಪಾ “ನೋಡೋಣ, ಕಾಗದ ತಯಾರ ಮಾಡ್ರಿ” ಎಂದರು. ಅವರಿಗೆ ಮನೆಗೆ ಹೋಗುವ ಆಸೆ ಎಷ್ಟಿತ್ತೆಂಬುದು ನನಗೆ ಗೊತ್ತು. ಭೇಟಿಗೆ ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಪೇಟೆಯ ಧಾರಣೆಯನ್ನಲ್ಲ. ಅಂಗಳದ ನುಗ್ಗೆ ಗಿಡ ಕಾಯಿ ಬಿಟ್ಟಿತೇ, ಆಕೆ ರಾತ್ರಿ ಒಬ್ಬಳೇ ಮಲಗುತ್ತಾಳೋ ಮೊಮ್ಮಗಳನ್ನು ಕರೆಸಿಕೊಂಡಿದ್ದಾಳೋ, ಇಂಥವನ್ನೇ ಕೇಳುತ್ತಿದ್ದರು.

ಇತ್ತ ಕಮಲಾಬಾಯಿ ನಮ್ಮ ಮನೆಗೆ ಬಂದು ಕುಳಿತರು, ನನ್ನ ಹೆಂಡತಿಯಿಂದ ಕನ್ನಡ ಕಲಿಯಲು. ಗಂಡನನ್ನು ನೋಡಲು ಹೋದಾಗ ಮರಾಠಿ ಆಡಬಾರದಲ್ಲ. ಹ್ಯಾಂಗ ಇದ್ದೀರಿ, ಊಟ ಆತೇನ್ರಿ, ಇಲ್ಲಿ ಎಲ್ಲಾ ಆರಾಮ ಅದ. ಈ ಮಾತುಗಳನ್ನು ಸಾಲೆಯ ಹುಡುಗಿಯ ಹಾಗೆ ಬಾಯಿಪಾಠ ಮಾಡಿದರು. ಬಸ್ಸಿನಲ್ಲಿಯೂ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಲೇ ಇದ್ದರು. ಪಕ್ಕದಲ್ಲಿ ಕುಳಿತ ಹೆಂಗಸು ಜಪ ಮಾಡುತ್ತಿದ್ದಾರೆಂದು ತಿಳಿದು ಕೈ ಮುಗಿದಳು.

ಭೇಟಿಯ ಕೋಣೆಯಲ್ಲಿ ನಡುವೆ ಕಬ್ಬಿಣದ ಜಾಳಿಗೆ ಇತ್ತು. ಆ ಕಡೆ ಅಪ್ಪಾ, ಈ ಕಡೆ ನಾವಿಬ್ಬರು, ಮೂಲೆಯ ಕುರ್ಚಿಯಲ್ಲಿ ಒಬ್ಬ ಸಿಪಾಯಿ. ಕಮಲಾಬಾಯಿ ಸೆರಗು ಸರಿ ಮಾಡಿಕೊಂಡು ಶುರು ಮಾಡಿದರು.

“ಹ್ಯಾಂಗ... ಇದ್ದೀರಿ?”

ಅಪ್ಪಾ ಬೆರಗಾಗಿ ನೋಡಿದರು. “ಆರಾಮ” ಎಂದರು.

“ಊಟ ಆತೇನ್ರಿ?”

“ಆತು.”

“ಇಲ್ಲಿ ಎಲ್ಲಾ ಆರಾಮ ಅದ.”

ಅಲ್ಲಿಗೆ ಕಲಿತದ್ದು ಮುಗಿಯಿತು. ಅವರು ನನ್ನ ಮುಖ ನೋಡಿದರು. ನಾನು ಏನು ಹೇಳಿಕೊಡಲಿ? ಅಷ್ಟು ದೂರ ಬಂದಿದ್ದರು, ಸಮಯ ಹೋಗುತ್ತಿತ್ತು. ಗಂಡ ಇಳಿದುಹೋಗಿದ್ದರು, ಅದು ಅವರ ಕಣ್ಣಿಗೆ ಬಿದ್ದಿತ್ತು. ಕೊನೆಗೆ ತಮ್ಮದೇ ಆದ ಹಳೆಯ ಕನ್ನಡ ಹೊರಬಂತು: “ಬಾ. ಕೂಡು. ಉಣ್ಣು.”

ಅಪ್ಪಾ ನಗತೊಡಗಿದರು. ಜಾಳಿಗೆ ಹಿಡಿದುಕೊಂಡು ನಕ್ಕರು, ಸಿಪಾಯಿ ಎದ್ದು ನಿಲ್ಲುವಷ್ಟು ನಕ್ಕರು. ನಗು ನಿಂತಾಗ ಹಣೆ ಜಾಳಿಗೆಗೆ ಆನಿಸಿತ್ತು, ಕಣ್ಣು ಒದ್ದೆಯಾಗಿತ್ತು. ಹಾಗೆಯೇ ಹೇಳಿದರು: “ಅಗ, ಇಥಲಂ ಜೇವಣ ಬರಂ ನಾಹೀ. ತುಝ್ಯಾ ಹಾತಚಂ ಪಾಹಿಜೇ.” ಇಲ್ಲಿಯ ಊಟ ಚೆನ್ನಾಗಿಲ್ಲ ಕಣೇ, ನಿನ್ನ ಕೈಯದು ಬೇಕು.

ಕಮಲಾಬಾಯಿ ಬೆಚ್ಚಿಬಿದ್ದು ಸಿಪಾಯಿಯ ಕಡೆ ನೋಡಿದರು. ಬೇಡ ಬೇಡ ಎಂದು ಕೈ ಆಡಿಸಿದರು. ಅಪ್ಪಾ ಕೇಳಲಿಲ್ಲ. ಮರಾಠಿಯಲ್ಲೇ ನುಗ್ಗೆ ಗಿಡದ ಸುದ್ದಿ ಕೇಳಿದರು, ಮೊಮ್ಮಗಳ ಸುದ್ದಿ ಕೇಳಿದರು. ಸ್ವಲ್ಪ ಹೊತ್ತಿಗೆ ಅವರೂ ಸೋತು, ಅಳುತ್ತ, ಬಯ್ಯುತ್ತ, ಮರಾಠಿಯಲ್ಲಿ ಮಾತಿಗಿಳಿದರು. ವೇಳೆ ಮುಗಿಯಿತೆಂದು ಹೇಳಲು ಎದ್ದ ಸಿಪಾಯಿ ಮತ್ತೆ ಕುಳಿತ. ಅವನ ಹೆಸರು ನನಗೆ ಗೊತ್ತಿಲ್ಲ.

ಮುಂದಿನ ವಾರ ವಕೀಲರು ಅಫಿಡವಿಟ್ ತಂದರು. ನಾನು ಜೊತೆಗಿದ್ದೆ. ಅಪ್ಪಾ ಅದನ್ನು ಓದಿ ತಿರುಗಿ ಕೊಟ್ಟರು.

“ಅಮ್ಮನೋರ ಜೋಡಿ ಮಾತಾಡಿದ್ದು ಬಿಡ್ರಿ, ಅದನ್ನ ನಾ ನೋಡ್ಕೋತೀನಿ” ಎಂದರು ವಕೀಲರು.

“ಅದಲ್ಲ.” ಅಪ್ಪಾ ನನ್ನ ಕಡೆ ತಿರುಗಿದರು. “ನೀ ಹೇಳು. ಥಪ್ಪಿ ಮ್ಯಾಲ ನಿಂತು ನಾ ಯಾವ ಭಾಷಾದಾಗ ಮಾತಾಡ್ದೆ?”

“ಮರಾಠ್ಯಾಗ.”

“ಏನಂದೆ?”

“ಘರೀ ಚಲಾ ಅಂದ್ರಿ.”

“ನೋಡ್ರಿ ವಕೀಲ್ರ. ನನ್ನ ಕಡಿಂದ ಇರೋ ಮಾತು ಅದೊಂದೇ. ಮರಾಠಿನೇ ಬರೋದಿಲ್ಲ ಅಂತ ಬರದು ಕೊಟ್ರ, ಘರೀ ಚಲಾ ಅಂದಾಂವ ಯಾಂವ? ಬರೇ ಬಟ್ಟಿ ತಿರಿವಿದಾಂವ ಒಬ್ಬ ಉಳೀತಾನ. ಈ ಪೊಲೀಸ್ರು ಹೇಳೋದೂ ಅದನ್ನೇ.”

ವಕೀಲರಿಗೆ ಸಿಟ್ಟು ಬಂತು, ದುಃಖವೂ ಬಂತು. “ಅಪ್ಪಾ, ಮೊದಲ ಹೊರಗ ಬರ್ರಿ. ಖರೇ ಏನದ ಅದನ್ನ ಆಮ್ಯಾಗ ಹೇಳ್ರಿ.”

“ಎಲ್ಲಿ ಹೇಳ್ಲಿ? ಕೇಸೇ ಇಲ್ಲಲ್ಲ.”

ವಕೀಲರು ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. ಹೊರಡುವಾಗ ಅಪ್ಪಾ ದನಿ ಇಳಿಸಿ ನನಗೆ ಹೇಳಿದರು: “ಮತ್ತ ಆಕಿ ಜೋಡಿ ಇಷ್ಟ ವರ್ಷ ಯಾವ ಭಾಷಾದಾಗ ಸಂಸಾರ ಮಾಡ್ದಿ ಅಂತ ಕೇಳಿದ್ರ, ಏನ ಹೇಳ್ಲೋ?”

ಹೀಗೆ ಕೇಸಿಲ್ಲದೆ ಹಿಡಿದಿಟ್ಟವರ ವಿಷಯ ನೋಡಲು ಒಂದು ಸಲಹಾ ಮಂಡಳಿ ಇರುತ್ತದೆ. ಅಲ್ಲಿ ವಕೀಲರು ಪರವಾಗಿ ನಿಲ್ಲುವ ಹಕ್ಕಿಲ್ಲ. ವಕೀಲನಲ್ಲದ ಒಬ್ಬ ಸ್ನೇಹಿತ ಜೊತೆಗಿರಬಹುದು. ಅಪ್ಪಾ ನನ್ನನ್ನು ಕೇಳಿದರು. “ಏನೂ ಇಲ್ಲದ್ದನ್ನ ಮಾರ್ತಿ. ನೋಡೋಣ, ಇದ್ದದ್ದನ್ನ ಇದ್ದಂಗ ಹೇಳ್ಲಿಕ್ಕ ಬರ್ತದೋ ಇಲ್ಲೋ” ಎಂದರು.

ಮೇಜಿನ ಆಚೆ ಮೂವರು ಹಿರಿಯರು ಕುಳಿತಿದ್ದರು. ಮರ್ಯಾದೆಯಿಂದ ನಡೆಸಿಕೊಂಡರು, ಅಪ್ಪಾನಿಗೆ ಕುರ್ಚಿ ಕೊಟ್ಟರು. ಕಾರಣಗಳ ಪತ್ರ ಮರಾಠಿಯಲ್ಲಿದೆ, ನಿಮಗೆ ತಿಳಿಯುತ್ತದೆಯೇ ಎಂದು ಒಬ್ಬರು ಕೇಳಿದರು. ತಿಳಿಯುತ್ತದೆ ಎಂದು ಅಪ್ಪಾ ಮರಾಠಿಯಲ್ಲೇ ಹೇಳಿದರು. ತಿಳಿಯುವುದರಿಂದಲೇ ಅದು ಸುಳ್ಳೆಂದು ಗೊತ್ತಾಗುತ್ತದೆ ಎಂದರು. ನಂತರ ನಾನು ಹೇಳಿದೆ. ನಾನು ನಿಂತ ಜಾಗ, ಅವರು ನಿಂತ ಜಾಗ, ಆಡಿದ ಮಾತು, ಶಲ್ಯ ತಿರುವುವುದರ ಅರ್ಥ. ನನ್ನ ಹೆಗಲ ಮೇಲಿನ ಟಾವೆಲ್ ತೆಗೆದು ತೋರಿಸಲು ಹೋದೆ, ಅದು ಜಾರಿ ಕೆಳಗೆ ಬಿತ್ತು. ಅವರು ಕೇಳಿಸಿಕೊಂಡರು. ಒಬ್ಬರು ಏನೋ ಬರೆದುಕೊಂಡರು. ನನ್ನನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದು ಖಟ್ಲೆ ಅಲ್ಲ, ಅಭಿಪ್ರಾಯ ಕೊಡುವುದಷ್ಟೇ ನಮ್ಮ ಕೆಲಸ ಎಂದು ನಡುವೆ ಕುಳಿತವರು ಹೇಳಿದರು.

ಆ ಅಭಿಪ್ರಾಯ ಗುಪ್ತವಾಗಿರುತ್ತದೆ. ಅದರಲ್ಲಿ ನನ್ನ ಮಾತು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆರ್ಡರ್ ಖಾಯಂ ಆಯಿತು ಎಂಬುದಷ್ಟೇ ತಿಳಿಯಿತು. ವಕೀಲರು ಬೇರೆ ಕಾರಣಗಳ ಮೇಲೆ ಹೈಕೋರ್ಟಿಗೆ ಹೋದರು. ತಾರೀಖು ಮುಂದೆ ಹೋಗುತ್ತ ಹೋಯಿತು. ಕೊನೆಗೆ ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ವರ್ಷ ತುಂಬಿ ಅಪ್ಪಾ ಹೊರಗೆ ಬಂದಿದ್ದರು. ಮನುಷ್ಯ ಹೊರಗಿದ್ದಾನಲ್ಲ, ಇನ್ನು ತೀರ್ಮಾನಿಸುವುದು ಏನೂ ಉಳಿದಿಲ್ಲ ಎಂದು ಅರ್ಜಿ ಮುಗಿಸಿದರು.

ಹೊರಗೆ ಬಂದ ಅಪ್ಪಾ ಮತ್ತೆ ಅಂಗಡಿಗೆ ಬರತೊಡಗಿದರು. ಸೌದಾ ಕೂಗುತ್ತಿದ್ದರು, ಕಾಳು ಕಡಿದು ನೋಡುತ್ತಿದ್ದರು. ಆದರೆ ಶಲ್ಯ ಹೆಗಲ ಮೇಲೇ ಇರುತ್ತಿತ್ತು. ಕೊನೆಯ ರಾಶಿ ಮಾರಾಟವಾದ ಮೇಲೆ ಸುಮ್ಮನೆ ಒಳಗೆ ಹೋಗಿ ಕೂಡುತ್ತಿದ್ದರು. ಮುಗಿಯಿತೋ ಇಲ್ಲವೋ ತಿಳಿಯದೆ ಹಮಾಲರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಮಾಲ ಮಾರುತಿ, ಅವರ ಥಪ್ಪಿಗಳನ್ನು ವರ್ಷಗಟ್ಟಲೆ ಒಟ್ಟಿದವನು, ಒಂದು ದಿನ ತಡೆಯಲಾರದೆ, “ಅಪ್ಪಾ, ಒಂದ ಸಲ ತಿರಿವಿ ಬಿಡ್ರಿ, ಮನಿಗಿ ಹೋದಂಗ ಅನಸೋದೇ ಇಲ್ಲ” ಎಂದ. ಅಪ್ಪಾ ಅವನ ಬೆನ್ನು ಚಪ್ಪರಿಸಿ, “ನಡಿ, ಹೊತ್ತಾತು” ಎಂದರು.

ಒಮ್ಮೆ ಹೊಸ ಖರೀದಿದಾರನೊಬ್ಬ ಎಲ್ಲರೆದುರಿಗೆ ಕೇಳಿದ: “ಅಪ್ಪಾ, ನಿಮ್ಮ ಮ್ಯಾಲ ಕೇಸ್ ಏನಿತ್ರಿ?”

“ಕೇಸ್ ಇದ್ದಿಲ್ಲ.”

“ಏನೂ ಇಲ್ಲದೇ ವರ್ಷಗಟ್ಟಲೆ ಯಾರರ ಇಡ್ತಾರೇನ್ರಿ?” ಎಂದು ಅವನು ನಕ್ಕ.

ಅಪ್ಪಾ ಮುಂದಿನ ರಾಶಿಯ ಕಡೆ ನಡೆದರು. ಅಂಥವರ ಬಾಯಿ ಒಂದೇ ಮಾತಿಗೆ ಮುಚ್ಚಿಸುತ್ತಿದ್ದವರು. ಆಮೇಲೆ ನನ್ನ ಕಟ್ಟೆಗೆ ಬಂದು ಕುಳಿತು ಹೇಳಿದರು: “ಗುನ್ಹೆ ಮಾಡಿದಾಂವಂದು ಶಿಕ್ಷಾ ಮುಗೀತದ. ನಿರ್ದೋಷಿ ಅಂತ ಬಿಡಸ್ಕೊಂಡು ಬಂದಾಂವಂಗ ಕೋರ್ಟಿನ ನಿಕಾಲ ಇರ್ತದ. ನಂದು ಏನ ಮುಗೀತು ಅಂತ ತೋರಿಸ್ಲಿ?”

ಮನೆಯಲ್ಲಿ ಮಾತ್ರ ಒಂದು ಹೊಸ ಚೇಷ್ಟೆ ಶುರುವಾಗಿತ್ತು. ಅವರು ಒಳಗಿದ್ದ ವರ್ಷವೆಲ್ಲ ಕಮಲಾಬಾಯಿ ನನ್ನ ಹೆಂಡತಿಯಿಂದ ಕನ್ನಡ ಕಲಿಯುವುದನ್ನು ಬಿಟ್ಟಿರಲಿಲ್ಲ. ಅವರಿಗೆ ಹಟ ಬಂದಿತ್ತು. ಈಗ ಅಪ್ಪಾ ಮರಾಠಿಯಲ್ಲಿ ಕೇಳಿದರೆ ಅವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ತಪ್ಪು ತಪ್ಪಾಗಿಯೇ, ಆದರೆ ತಡೆಯಿಲ್ಲದೆ. ಅಪ್ಪಾ ತಿದ್ದುತ್ತಿರಲಿಲ್ಲ. ಕೇಳುತ್ತ ಕೂಡುತ್ತಿದ್ದರು. ಆ ವರಾಂಡದಲ್ಲಿ ಅವರಿಬ್ಬರ ಜೊತೆ ಚಹಾ ಕುಡಿದ ಸಂಜೆಗಳು ನನಗೆ ಮತ್ತೆ ಬೇಕು. ಬೇರೇನೂ ಬೇಡ ಅನಿಸುತ್ತದೆ.

ಹೋದ ಆಷಾಢದಲ್ಲಿ ಅಪ್ಪಾ ಹೋದರು. ಊಟ ಮಾಡಿ ಗೋಡೆಗೆ ಆನಿಕೊಂಡು ಕುಳಿತವರು ಏಳಲಿಲ್ಲ. ಅವರದೇ ಹೊಲದಲ್ಲಿ, ನಮ್ಮ ರೀತಿಯಂತೆ ಕೂಡಿಸಿ ಮಣ್ಣು ಕೊಟ್ಟೆವು. ಉಮರಗಾದಿಂದ ವಕೀಲರು ಬಂದಿದ್ದರು. ಹೊಲದ ಬದುವಿನಲ್ಲಿ ನನ್ನ ಪಕ್ಕ ನಿಂತು, “ಸಹಿ ಮಾಡಿದ್ರ ಉಳದ ತಿಂಗಳೆಲ್ಲಾ ಮನ್ಯಾಗ ಇರ್ತಿದ್ರು” ಎಂದರು. ನಾನು ಹೌದೆಂದೆ. “ಆದ್ರ ಈಗ ನೀವು ಅವರ ಪರವಾಗಿ ಏನರ ಹೇಳಬೇಕಂದ್ರ, ಹೇಳ್ಲಿಕ್ಕ ಒಂದ ಮಾತು ಉಳದದ” ಎಂದೂ ಅಂದರು.

ಅದಕ್ಕೆ ಇದನ್ನು ಬರೆದೆ. ಖಟ್ಲೆ ನಡೆದಿದ್ದರೆ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು. ನಡೆಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಆ ಗುರುವಾರ ಅವರು ಜನರಿಗೆ ಮನೆಗೆ ಹೋಗಿ ಎಂದದ್ದನ್ನು ನನ್ನ ಜೊತೆ ಕಂಡು ಕೇಳಿದವರು, ಈಗಲೂ ಇರುವವರು ಇವರು. ಹಮಾಲ ಮಾರುತಿ, ಥಪ್ಪಿಯ ಬುಡದಲ್ಲಿ ನಿಂತು ಅವರಿಗೆ ಹತ್ತಲು ಹೆಗಲು ಕೊಟ್ಟವನು ಅವನೇ. ಚಹಾದ ರಶೀದಭಾಯಿ, ಈಗ ಅಂಗಡಿ ಮಗ ನೋಡುತ್ತಾನೆ, ಅವರು ಮಧ್ಯಾಹ್ನ ಬಂದು ಕೂಡುತ್ತಾರೆ. ಹವಾಲ್ದಾರರು, ನಿವೃತ್ತರಾಗಿ ಉಮರಗಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ನನ್ನ ಕೈ ಹಿಡಿದುಕೊಂಡು, “ನಾನೂ ಕೇಳೀನ್ರಿ. ಯಾರೂ ವಿಚಾರಸ್ಲಿಲ್ಲ” ಎಂದರು. ಮತ್ತೆ ಕಮಲಾಬಾಯಿ. ಆ ದಿನ ಊಟದ ಡಬ್ಬಿ ಹಿಡಿದು ಬಂದವರು, ಗಂಡ ಇಳಿಯಲಿ ಎಂದು ಬಾಗಿಲ ಬದಿಗೆ ಕಾಯುತ್ತ ನಿಂತಿದ್ದರು. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಕೇಳಿದ್ದಾರೆ. ಮನೆಯಲ್ಲೇ ಇದ್ದಾರೆ. ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ, ಹೇಳುತ್ತಾರೆ.